ಪುಡಿಯಾದ ಲೋಹ: ಐದು ಸಾಲು, ಅದರ ಅರ್ಥ

ದೀಪಾವಳಿ ಹತ್ತಿರವಾದರೆ ರಸಾಯನಶಾಸ್ತ್ರದ ತರಗತಿಯಲ್ಲಿ ಒಂದು ಪ್ರಶ್ನೆ ತಪ್ಪುವುದಿಲ್ಲ: "ಸರ್, ಹೂಕುಂಡದ ಮದ್ದಿಗೆ ಟೈಟಾನಿಯಂ ಹಾಕಿದರೆ ಏನಾಗುತ್ತೆ?" ಉತ್ತರವಾಗಿ ಹಲಗೆಯ ಮೇಲೆ ನಾನು ಬರೆಯುವ ಐದು ಸಾಲು ಇವು.

"ಕಬ್ಬಿಣ ಹೊನ್ನಾಗಿ ಕವಲೊಡೆಯುತ್ತದೆ."

ಸಾಣೆಚಕ್ರಕ್ಕೆ ಕುಡುಗೋಲು ಹಿಡಿದಾಗ ಹಾರುವ ಕಿಡಿಯನ್ನು ಗಮನಿಸಿ. ಒಂದೇ ಗೆರೆಯಾಗಿ ಹೊರಟದ್ದು ನಡುದಾರಿಯಲ್ಲಿ ಜೀರಿಗೆ ಹೂವಿನಂತೆ ಬಿರಿಯುತ್ತದೆ. ಉಕ್ಕಿನಲ್ಲಿರುವ ಇಂಗಾಲವೇ ಇದಕ್ಕೆ ಕಾರಣ. ಕರಗಿದ ಹನಿಯೊಳಗೆ ಅದು ಉರಿದು ಅನಿಲವಾಗುತ್ತದೆ, ಹೊರಬರಲು ಹನಿಯನ್ನೇ ಒಡೆಯುತ್ತದೆ. ಇಂಗಾಲವಿಲ್ಲದ ಶುದ್ಧ ಕಬ್ಬಿಣ ಹೀಗೆ ಹೂ ಬಿಡುವುದಿಲ್ಲ. ಸುರ್‌ಸುರ್ ಬತ್ತಿಯ ಸೊಬಗೆಲ್ಲ ಇಷ್ಟರಲ್ಲಿದೆ.

"ಟೈಟಾನಿಯಂ ಬೆಳ್ಳಿಯಾಗಿ ಬೆಳಗುತ್ತದೆ."

ಬಣ್ಣ ಬದಲಾಗುವುದು ಬಿಸಿಯಿಂದ. ಕಬ್ಬಿಣದ ಹನಿಗಿಂತ ಟೈಟಾನಿಯಂ ಹನಿ ಹೆಚ್ಚು ಕಾಯುತ್ತದೆ, ಹಾಗಾಗಿ ಹೊಂಬಣ್ಣ ದಾಟಿ ಬಿಳಿಯಾಗುತ್ತದೆ. ಆಮ್ಲಜನಕ ಇಲ್ಲದಿದ್ದರೂ ಬರಿಯ ಸಾರಜನಕದಲ್ಲಿ ಉರಿಯಬಲ್ಲ ಲೋಹ ಇದು.

"ಸೀರಿಯಂಗೆ ಉಜ್ಜಿದರೆ ಸಾಕು."

ಸಿಗರೇಟ್ ಲೈಟರ್‌ನ 'ಕಲ್ಲು' ಕಲ್ಲೇ ಅಲ್ಲ. ಆಸ್ಟ್ರಿಯಾದ ಔವರ್ ಫಾನ್ ವೆಲ್ಸ್‌ಬಾಖ್ 1903ರಲ್ಲಿ ಪೇಟೆಂಟ್ ಪಡೆದ ಸೀರಿಯಂ-ಕಬ್ಬಿಣದ ಮಿಶ್ರಲೋಹ ಅದು.

"ಜಿರ್ಕೋನಿಯಂ ನೆಪಕ್ಕೆ ಕಾಯುತ್ತದೆ."

ಹಳೆಯ ಕ್ಯಾಮೆರಾಗಳ ಫ್ಲ್ಯಾಶ್ ಬಲ್ಬಿನಲ್ಲಿ ಉರಿಯುತ್ತಿದ್ದ ಲೋಹಗಳಲ್ಲಿ ಇದೂ ಒಂದು. ಇದರ ನಯವಾದ ಒಣಪುಡಿಗೆ ಬೆಂಕಿಕಡ್ಡಿ ಬೇಡ. ನೈಲಾನ್ ಅಂಗಿ ಕಳಚುವಾಗ ಚಟಪಟ ಎನ್ನುವ ಸ್ಥಿರವಿದ್ಯುತ್ತೇ ಸಾಕು. ಇದೇ ಜಿರ್ಕೋನಿಯಂ ನಮ್ಮ ಕೈಗಾದ ಅಣುಸ್ಥಾವರದಲ್ಲಿ ಯುರೇನಿಯಂ ಇಂಧನದ ಕವಚವಾಗಿ, ಸುಡುನೀರಿನ ನಡುವೆ ತಣ್ಣಗೆ ಕೆಲಸ ಮಾಡುತ್ತಿದೆ. ಹಾಗಾದರೆ ವ್ಯತ್ಯಾಸ ಎಲ್ಲಿ?

"ಗಟ್ಟಿಯಾಗಿದ್ದಾಗ ಸಾಧು, ಪುಡಿಯಾದರೆ ಬೇರೆಯೇ ವಸ್ತು."

ಈ ಸಾಲಿಗಾಗಿಯೇ ಹಿಂದಿನ ನಾಲ್ಕನ್ನು ಬರೆದದ್ದು. ಒಂದು ಸೆಂಟಿಮೀಟರ್ ಅಳತೆಯ ಲೋಹದ ಘನಕ್ಕೆ ಗಾಳಿ ಸೋಕುವ ಮೈ 6 ಚದರ ಸೆಂಟಿಮೀಟರ್. ಅದನ್ನೇ ಮಿಲಿಮೀಟರ್‌ನ ನೂರನೇ ಒಂದು ಭಾಗದಷ್ಟು ಚಿಕ್ಕ ಘನಗಳಾಗಿ ಕತ್ತರಿಸಿದರೆ 6,000 ಚದರ ಸೆಂಟಿಮೀಟರ್! ಲೋಹ ಅಷ್ಟೇ, ಉರಿಯುವ ಮೈ ಸಾವಿರ ಪಟ್ಟು. ಕಿಡಿ ಅಂದವಾಗುವುದೂ ಇದರಿಂದಲೇ, ಕೈ ಸುಡುವುದೂ ಇದರಿಂದಲೇ. ತೇವದ ಕಾಟ ಬೇರೆ: ಅಲ್ಯೂಮಿನಿಯಂ ಪುಡಿ ನೈಟ್ರೇಟ್ ಜೊತೆ ಒದ್ದೆಯಾದರೆ ಯಾರೂ ಮುಟ್ಟದೆಯೂ ತಾನೇ ಕಾಯಬಲ್ಲದು. ಹೊತ್ತಿದ ಮೆಗ್ನೀಸಿಯಂ ಮೇಲೆ ನೀರು ಸುರಿದರೆ ಜಲಜನಕ ಹುಟ್ಟಿ ಬೆಂಕಿ ಇನ್ನಷ್ಟು ಭುಗಿಲೇಳುತ್ತದೆ. ಅದಕ್ಕೆ ಒಣ ಮರಳೇ ಬೇಕು.

ಅಡುಗೆಮನೆಯ ಒರಳು, ಪ್ಲಾಸ್ಟಿಕ್ ಡಬ್ಬಿ, ಬರಿಗೈ ಈ ಪುಡಿಗಳಿಗೆ ತಕ್ಕವಲ್ಲ. ಪರವಾನಗಿಯಿಲ್ಲದೆ ಪಟಾಕಿ ತಯಾರಿಸುವುದು 1884ರ ಸ್ಫೋಟಕ ಕಾಯ್ದೆಯಡಿ ಅಪರಾಧವೂ ಹೌದು. ಮಕ್ಕಳೇ, ಲೋಹದ ಕಿಡಿ ನೋಡುವ ಆಸೆಯಿದ್ದರೆ ಸಾಣೆಯವನ ಅಂಗಡಿಯ ಮುಂದೆ ನಾಲ್ಕು ಮಾರು ದೂರ ನಿಂತು ಕಣ್ತುಂಬ ನೋಡಿ. ಪುಡಿ ಬೆರೆಸಲು ಮಾತ್ರ ಕೂರಬೇಡಿ.