ಜಂತಿ ಸೀಳುವ ಮೇಜು

ಅಸುಂಡಿಯ ನಮ್ಮ ಮೇಲ್ಮುದ್ದಿ ಮನೆಯ ಹಿಂದಿನ ಅಂಕಣ (ಪತ್ರಿಕೆಯದಲ್ಲ, ಕಂಬದಿಂದ ಕಂಬಕ್ಕಿರುವ ಅಂಕಣ) ಎರಡು ಮಳೆಗಾಲದ ಹಿಂದೆ ಕುಸಿಯಿತು. ಮಣ್ಣು ಸರಿಸಿದಾಗ ಹದಿನೆಂಟು ಜಂತಿ, ಎರಡು ತೊಲೆ ಸಿಕ್ಕವು. ಅರ್ಧ ಸಾಗವಾನಿ, ಉಳಿದದ್ದು ಬೇವು. ಗದಗಿನ ಕಟ್ಟಿಗೆ ಅಡ್ಡೆಯಿಂದ ಬಂದವರು ಸುತ್ತ ಒಂದು ಸಲ ತಿರುಗಿ, ಉರುವಲಿಗಿಂತ ತುಸು ಹೆಚ್ಚಿನ ದರ ಹೇಳಿದರು. ಅಜ್ಜನ ಕಾಲದ ಸಾಗವಾನಿಯನ್ನು ಆ ದರಕ್ಕೆ ಕೊಡಲು ಮನಸ್ಸು ಬರಲಿಲ್ಲ. ಕೊಟ್ಟಿಗೆಯ ಗ್ವಾದಲಿ ಒಡೆಸಿ ನೆಲ ಸಪಾಟು ಮಾಡಿಸಿದೆ. ಜಂತಿ ಸೀಳಲು ಒಂದು ಟೇಬಲ್ ಸಾ ಬೇಕಾಯಿತು. ಒಂದು ಜೋಡಿ ಎತ್ತಿನ ಬೆಲೆಯ ಅರ್ಧ ದಾಟಬಾರದು ಎಂಬುದು ಮನೆಯವರ ಷರತ್ತು.

ಮೊದಲ ಪ್ರಶ್ನೆ ಊರಿನ ಹಿರಿಯ ಬಡಿಗೇರರಿಂದ ಬಂತು. “ಕಟಿಗಿ ಕೊಯ್ಯಾಕ ತರ್ತೀರೋ, ಬಟ್ಟ ಕೊಯ್ಕೊಳ್ಳಾಕ ತರ್ತೀರೋ?” ಅವರ ಎಡಗೈ ತೋರುಬೆರಳಿಗೆ ಮೊದಲ ಗೆಣ್ಣಿಲ್ಲ. ಹಾಗಾಗಿ ನಾನು ನಗಲಿಲ್ಲ.

ಅಗ್ಗದ ದಾರಿಗಳು ನಮ್ಮ ಕಡೆ ಎರಡಿವೆ. ಒಂದು, ಮಾರ್ಬಲ್ ಕಟರ್‌ಗೆ ಕಟ್ಟಿಗೆಯ ಬ್ಲೇಡ್ ಹಾಕಿ, ಪ್ಲೈವುಡ್ ಹಲಗೆಯ ಅಡಿಗೆ ಬೋರಲು ಬಿಗಿಯುವುದು. ಊರೂರಿಗೆ ಇದನ್ನು ಕಾಣುತ್ತೇವೆ. ಕಲ್ಲು ಕೊಯ್ಯಲು ಮಾಡಿದ ಆ ಯಂತ್ರ ನಿಮಿಷಕ್ಕೆ 12-13 ಸಾವಿರ ಸುತ್ತು ತಿರುಗುತ್ತದೆ. ನಾಲ್ಕಿಂಚಿನ ಬ್ಲೇಡು ಮೇಜಿನ ಮೇಲೆ ಒಂದಿಂಚು ತಲೆ ಎತ್ತಿದರೆ ಹೆಚ್ಚು. ಕಟ್ಟಿಗೆಯನ್ನು ಬ್ಲೇಡಿನ ಪಕ್ಕದಲ್ಲಿ ನೆಟ್ಟಗೆ ನಡೆಸುವ ಪಟ್ಟಿ, ಅಂದರೆ ಫೆನ್ಸಿಲ್ಲ, ಬ್ಲೇಡು ಮುಚ್ಚಲು ಗಾರ್ಡಿಲ್ಲ. ಇದರ ಬಗ್ಗೆ ಇನ್ನೊಂದು ವಾಕ್ಯ ಬರೆಯುವುದೂ ಪ್ರಚಾರವಾದೀತು.

ಎರಡನೆಯದು ರಂಧಾ ಮಷಿನ್. ಹತ್ತರಿ ಹೊಡೆಯುವ ಉರುಳೆಯ ಷಾಫ್ಟಿಗೇ ಒಂದು ತುದಿಯಲ್ಲಿ ಗರಗಸ ಸಿಕ್ಕಿಸಿದ ಎರಕದ ಯಂತ್ರ. 2 ಎಚ್‌ಪಿ ಇಂಡಕ್ಷನ್ ಮೋಟಾರು ಬೆಲ್ಟಿನಿಂದ ತಿರುಗಿಸುತ್ತದೆ. ಸದ್ದು ಕಡಿಮೆ, ಜನ್ಮ ಪೂರ್ತಿ ಬಾಳುತ್ತದೆ, ಕೆಟ್ಟರೆ ಯಾವ ಮೆಕ್ಯಾನಿಕ್ಕಾದರೂ ಸರಿಮಾಡುತ್ತಾನೆ. ನಾನು ಮೊದಲು ಎರವಲು ತಂದು ಜಂತಿ ಸೀಳಿದ್ದು ಇದರಲ್ಲೇ. ಆಗಲೇ ಬಡಿಗೇರರ ಪ್ರಶ್ನೆ ನನಗೆ ಅರ್ಥವಾದದ್ದು.

ಬೇವಿನ ಕಟ್ಟಿಗೆಯ ಎಳೆ ನೆಟ್ಟಗಿರುವುದಿಲ್ಲ, ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಒಳಗೆ ಬಿಗುವು ಕಟ್ಟಿಕೊಂಡೇ ಒಣಗಿದ ಜಂತಿಯನ್ನು ಅರ್ಧ ಸೀಳುವಷ್ಟರಲ್ಲಿ ಸೀಳಿದ ಎರಡು ತುಂಡುಗಳು ಬ್ಲೇಡಿನ ಹಿಂದೆ ಬಾಯಿ ಮುಚ್ಚಿಕೊಂಡವು. ಬ್ಲೇಡಿನ ಮುಂದಿನ ಹಲ್ಲು ಕಟ್ಟಿಗೆಯನ್ನು ಮೇಜಿಗೆ ಒತ್ತುತ್ತದೆ, ಹಿಂದಿನ ಹಲ್ಲು ಮೇಲಕ್ಕೇಳುತ್ತಿರುತ್ತದೆ. ಆ ಹಿಂದಿನ ಹಲ್ಲಿಗೆ ಕಚ್ಚಿದ ಕಟ್ಟಿಗೆ ಎದ್ದು ನಮ್ಮ ಕಡೆಗೇ ಹಾರುತ್ತದೆ. ನನ್ನದು ಹಾರಿ ನನ್ನ ಹಿಂದಿನ ಗೋಡೆಯ ಮಣ್ಣಿನಲ್ಲಿ ಎರಡು ಬೆರಳು ಆಳ ನಾಟಿತು. ನಾನು ಬ್ಲೇಡಿನ ಸಾಲಿನಿಂದ ಎಡಕ್ಕೆ ನಿಂತಿದ್ದೆ, ಬುದ್ಧಿಯಿಂದಲ್ಲ, ಬಲಕ್ಕೆ ಜಾಗವಿರಲಿಲ್ಲ.

ಇದನ್ನು ತಡೆಯುವುದು ಬ್ಲೇಡಿನ ಬೆನ್ನಿಗೇ ಅಂಟಿದಂತೆ ನಿಲ್ಲುವ ಒಂದು ಉಕ್ಕಿನ ತಗಡು. ರೈವಿಂಗ್ ನೈಫ್ ಎನ್ನುತ್ತಾರೆ. ಬ್ಲೇಡಿನ ತಗಡಿಗಿಂತ ದಪ್ಪ, ಹಲ್ಲು ಕೊಯ್ದ ಸೀಳಿಗಿಂತ ತೆಳು. ಬ್ಲೇಡ್ ಏರಿದರೆ ತಾನೂ ಏರುತ್ತದೆ, ವಾಲಿದರೆ ವಾಲುತ್ತದೆ, ಸೀಳು ಮುಚ್ಚಿಕೊಳ್ಳಲು ಬಿಡುವುದಿಲ್ಲ. ಒಂದೇ ಕಡೆ ಗಟ್ಟಿಯಾಗಿ ಕೂತು, ಗಾರ್ಡಿನ ಜೊತೆ ಕಳಚಿ ಇಡಬೇಕಾದ ಸ್ಪ್ಲಿಟರ್ ಬೇರೆ. ಅಂಗಡಿಯಾತ ಎರಡೂ ಒಂದೇ ಎಂದರೆ ನಂಬಬೇಡಿ. ಕಳಚಿದ್ದನ್ನು ಮರಳಿ ಹಾಕುವವರು ಯಾರು? ನಾನಂತೂ ಹಾಕುವವನಲ್ಲ.

ಅಮೆರಿಕದಲ್ಲಿ ಸ್ಟೀಫನ್ ಗ್ಯಾಸ್ ಎಂಬ ವಕೀಲ 1999ರಲ್ಲಿ ಇನ್ನೂ ಮುಂದೆ ಹೋದ. ಬೆರಳು ತಾಗಿದ್ದನ್ನು ವಿದ್ಯುತ್ತಿನಿಂದಲೇ ಅರಿತು, ಸುಮಾರು 5 ಮಿಲಿಸೆಕೆಂಡಿನಲ್ಲಿ ಬ್ಲೇಡನ್ನು ನಿಲ್ಲಿಸುವ ಸಾಸ್ಟಾಪ್ ಅವನದು. ನೋಡಲು ಸೊಗಸು. ಅದರ ಬೆಲೆಯಲ್ಲಿ ಎತ್ತಿನ ಜೊತೆ ಚಕ್ಕಡಿಯೂ ಬಂದೀತು.

ಉಳಿದದ್ದು ಹೊತ್ತೊಯ್ಯುವ ಹತ್ತಿಂಚಿನ ಗರಗಸಗಳು. ಬಾಷ್‌ನ ಜಿಟಿಎಸ್ 10 ಜೆ ಮಾದರಿಯನ್ನೇ ತೆಗೆದುಕೊಳ್ಳಿ: 1800 ವಾಟ್, 254 ಮಿ.ಮೀ. ಬ್ಲೇಡು, ನಿಮಿಷಕ್ಕೆ 3650 ಸುತ್ತು, ತೂಕ 26 ಕೆ.ಜಿ. ಲೆಕ್ಕ ಹಾಕಿದರೆ ಹಲ್ಲಿನ ತುದಿ ಗಂಟೆಗೆ 175 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ನೆಟ್ಟಗೆ ನಿಂತಾಗ ಕೊಯ್ಯುವ ಆಳ 79 ಮಿ.ಮೀ., ಅಂದರೆ ಮೂರಿಂಚು ಒಂದು ಸೂತ. ನಮ್ಮ ಜಂತಿಗಳು ನಾಲ್ಕಿಂಚು. ಒಂದು ಮಗ್ಗುಲಿಂದ ಎರಡಿಂಚು ಸೀಳಿ, ಮಗುಚಿ, ಇನ್ನೊಂದು ಮಗ್ಗುಲಿಂದ ಸೀಳಬೇಕು. ಎರಡು ಸೀಳು ನಡುವೆ ಸೇರಬೇಕಾದರೆ ಫೆನ್ಸು ಒಂದು ಕೂದಲೂ ಅಲುಗಬಾರದು. ಇಂಥ ಕೊಯ್ತಕ್ಕೆ ಗಾರ್ಡು ತೆಗೆಯಲೇಬೇಕು, ಆಗ ಕೈ ಕಾಯುವುದು ಬ್ಲೇಡಿಗಿಂತ ಗಿಡ್ಡವಾಗಿ ಇಳಿಸಿದ ರೈವಿಂಗ್ ನೈಫ್ ಮಾತ್ರ.

ಹೀಗಾಗಿ ನಾನು ದುಡ್ಡು ಕೊಡುವುದು ಫೆನ್ಸಿಗೆ. ಮೋಟಾರು ಅದರ ಜೊತೆ ಪುಕ್ಕಟೆ ಬಂತೆಂದು ತಿಳಿಯುತ್ತೇನೆ. ವಾಟ್ ಕಡಿಮೆಯಾದರೆ ನಿಧಾನಕ್ಕೆ ತಳ್ಳಬಹುದು, ಬ್ಲೇಡು ಕೆಟ್ಟದಾದರೆ ಬದಲಿಸಬಹುದು. ಫೆನ್ಸು ಹಿಂಬದಿಯಲ್ಲಿ ಬ್ಲೇಡಿನ ಕಡೆ ವಾಲಿದರೆ ಪ್ರತಿ ಸೀಳೂ ಸುಟ್ಟ ವಾಸನೆ ಬಿಡುತ್ತದೆ, ಕಟ್ಟಿಗೆ ಹಾರಲು ಕಾಯುತ್ತಿರುತ್ತದೆ. ಡಿವಾಲ್ಟ್ ತನ್ನ ಸಣ್ಣ ಗರಗಸಗಳಿಗೆ ಹಲ್ಲುಪಟ್ಟಿಯ ಫೆನ್ಸು ಕೊಡುತ್ತದೆ. ಗುಂಡಿ ತಿರುವಿದರೆ ಮುಂದೂ ಹಿಂದೂ ಒಟ್ಟಿಗೇ ಸರಿಯುತ್ತದೆ. ಈ ಬೆಲೆಗೆ ಇದಕ್ಕಿಂತ ಜಾಣ ಏರ್ಪಾಡು ನಾನು ನೋಡಿಲ್ಲ. ಬಡಿಗೇರರಿಗೆ ತೋರಿಸಿದಾಗ ಅವರು ಮೋಟಾರಿನ ಕಡೆ ನೋಡಲೂ ಇಲ್ಲ, ಫೆನ್ಸಿನ ಬೆನ್ನು ಸವರುತ್ತ ನಿಂತರು. ಲಕ್ಕುಂಡಿಯ ಗುಡಿಗಳಲ್ಲಿ ತಿರುಗಣಿಗೆ ಹಾಕಿ ತೀಡಿದ ಕಂಬಗಳಿವೆಯಲ್ಲ, ಆ ಬಳಪದ ಕಲ್ಲನ್ನು ತಿರುವಿದವರೂ ಮೊದಲು ನೋಡಿದ್ದು ನಡುಗೀಲು ನೆಟ್ಟಗಿದೆಯೇ ಎಂದೇ ಇರಬೇಕು.

ಪ್ಲೈವುಡ್ ಕೊಯ್ಯುವವರಿಗೆ ಒಂದು ಮಾತು. ಬಾಷ್‌ನ ಆ ಮಾದರಿಯಲ್ಲಿ ಫೆನ್ಸು ಬಲಕ್ಕೆ ಸರಿಯುವುದು 460 ಮಿ.ಮೀ. ಮಾತ್ರ. ಎಂಟು-ನಾಲ್ಕರ ಶೀಟನ್ನು ನಟ್ಟನಡುವೆ ಸೀಳಲು ಎರಡು ಅಡಿ ಬೇಕು. ಅದನ್ನು ಕೈಗರಗಸದಿಂದ ಮೊದಲೇ ತುಂಡು ಮಾಡಿಕೊಳ್ಳಿ.

ವಿದ್ಯುತ್ತಿನದು ಸಣ್ಣ ಮಾತು: 1800 ವಾಟೆಂದರೆ ಎಂಟು ಆಂಪಿಯರು, 16 ಆಂಪಿಯರ್ ಸಾಕೆಟ್ಟು, 2.5 ಚದರ ಮಿ.ಮೀ. ತಂತಿ ಸಾಕು. ಸಪೂರ ವೈರನ್ನು ಅಂಗಳದುದ್ದ ಎಳೆದರೆ ಮೋಟಾರು ಸುಡುತ್ತದೆ.

ಇನ್ನು ಮೊಳೆ. ಹಳೆಯ ಜಂತಿಯಲ್ಲಿ ತೊಟ್ಟಿಲು ಕಟ್ಟಿದ್ದು, ಬುಟ್ಟಿ ತೂಗುಹಾಕಿದ್ದು, ಪಂಚಮಿಯ ಜೋಕಾಲಿ ಕಟ್ಟಿದ್ದು, ಎಲ್ಲದರ ಲೆಕ್ಕ ಕಬ್ಬಿಣದಲ್ಲಿ ಉಳಿದಿರುತ್ತದೆ. ತಲೆ ಸವೆದು ಕಟ್ಟಿಗೆಯೊಳಗೆ ಹುದುಗಿದ ಮೊಳೆ ಕಣ್ಣಿಗೆ ಬೀಳದು. ಟಿಸಿಟಿ ಬ್ಲೇಡಿನ ಕಾರ್ಬೈಡ್ ಹಲ್ಲು ಗಡಸು, ಆದರೆ ಗಾಜಿನ ಜಾತಿ. ಮೊಳೆಗೆ ತಾಗಿದರೆ ಚಕ್ಕೆ ಏಳುತ್ತದೆ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಜಂತಿಯ ನಾಲ್ಕೂ ಮಗ್ಗುಲ ಮೇಲೆ ಎಳೆಯಿರಿ. ಸೀಳಲು 24 ಹಲ್ಲಿನ ಬ್ಲೇಡು, ಪ್ಲೈವುಡ್ಡಿಗೆ 60ರದು. ಕೊಳ್ಳುವ ಮೊದಲು ನಡುವಿನ ತೂತು 25.4 ಮಿ.ಮೀ.ಯೋ 30ರದೋ ನೋಡಿಕೊಳ್ಳಿ, ಇಲ್ಲದಿದ್ದರೆ ಹುಬ್ಬಳ್ಳಿಗೆ ಇನ್ನೊಂದು ಸಲ ಬಸ್ಸು. ದುಂಡನೆಯ ದಿಮ್ಮಿಯನ್ನು ಮಾತ್ರ ಈ ಮೇಜಿಗೆ ತರಬೇಡಿ. ಅದು ಉರುಳಿ ಬ್ಲೇಡಿಗೆ ಸಿಗುತ್ತದೆ. ಅರಣ್ಯ ಇಲಾಖೆಯ ಪರವಾನಗಿ ಇರುವ ಸಾ ಮಿಲ್ಲಿನಲ್ಲಿ ಹಲಗೆ ಮಾಡಿಸಿಕೊಂಡು ಬನ್ನಿ.

ಕೈಗವಸು ಹಾಕಿಕೊಂಡು ಕೊಯ್ಯಬಾರದು, ಎಳೆ ಸಿಕ್ಕರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಹೆಗಲ ಮೇಲಿನ ಟವೆಲ್ಲು ಗೂಟಕ್ಕೆ, ಶಿವದಾರ ಅಂಗಿಯ ಒಳಗೆ.

ಖಂಡೇನವಮಿಯ ಹೊತ್ತಿಗೆ ರಿಯಾಯಿತಿ ಇರುತ್ತದೆ, ಆಗ ಹೋಗಿ. ಜೇಬಿನಲ್ಲಿ ನಿಮ್ಮದೇ ಕಾಟಕೋನ, ಒಂದು ಉಕ್ಕಿನ ಪಟ್ಟಿ ಇರಲಿ. ಯಂತ್ರ ಚಾಲೂ ಮಾಡಿ ತೋರಿಸುತ್ತೇನೆಂದು ಅಂಗಡಿಯಾತ ಉತ್ಸಾಹದಿಂದ ಬರುತ್ತಾನೆ. ಬೇಡವೆನ್ನಿ. ಪ್ಲಗ್ ಕಿತ್ತು, ಫೆನ್ಸನ್ನು ಸರಿಸಿ ಬಿಗಿಯಿರಿ, ಬ್ಲೇಡಿನ ಒಂದೇ ಹಲ್ಲಿಗೆ ಗುರುತು ಹಾಕಿ ಅದನ್ನು ಮುಂದೊಮ್ಮೆ ಹಿಂದೊಮ್ಮೆ ತಂದು ಫೆನ್ಸಿಗಿರುವ ದೂರ ಅಳೆಯಿರಿ. ಬಿಚ್ಚಿ, ಸರಿಸಿ, ಮತ್ತೆ ಬಿಗಿದು ಅಳೆಯಿರಿ. ನಾನು ಹತ್ತು ಸಲ ಮಾಡಿದೆ. ಆರನೆಯ ಸಲಕ್ಕೆ ಅಂಗಡಿಯಾತ ಚಹಾ ಕುಡಿಯಲು ಹೊರಗೆ ಹೋದ.