ಶಾಲಾ ಹಾಜರಿಯ ಪರೀಕ್ಷೆಯಲ್ಲಿ ಅನ್ವಯ-ವ್ಯತಿರೇಕ ವಿಚಾರ

ಮಕ್ಕಳ ಹಾಜರಿಯನ್ನೂ ನಡತೆಯನ್ನೂ ಉತ್ತಮಪಡಿಸುವುದಕ್ಕಾಗಿ ಕೈಕೊಂಡ ಯೋಜನೆಗಳ ಫಲವನ್ನು ನಿರ್ಣಯಿಸುವಾಗ, ‘ಯೋಜನೆ ಬಂದಿತು, ಹಾಜರಿ ಹೆಚ್ಚಿತು, ಆದುದರಿಂದ ಯೋಜನೆಯೇ ಕಾರಣ’ ಎನ್ನುವುದು ರೂಢಿಯಾಗಿದೆ. ತಾರ್ಕಿಕರ ದೃಷ್ಟಿಯಲ್ಲಿ ಇದು ಅರ್ಧ ಪ್ರಮಾಣವು. ಕಾರಣವಿದ್ದಲ್ಲಿ ಕಾರ್ಯವುಂಟೆಂಬುದು ಅನ್ವಯ. ಕಾರಣವಿಲ್ಲದಲ್ಲಿ ಕಾರ್ಯವಿಲ್ಲವೆಂಬುದು ವ್ಯತಿರೇಕ. ಇವೆರಡೂ ಕೂಡಿದಲ್ಲದೆ ಕಾರ್ಯಕಾರಣಭಾವವು ಸಿದ್ಧಿಸದು. ಅನ್ವಯಮಾತ್ರದಿಂದ ಮಾಡಿದ ನಿರ್ಣಯವು ಕಾಕತಾಳೀಯವಾಗಬಹುದು.

ಅಕ್ಷರದಾಸೋಹವು 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೆ ವ್ಯಾಪಿಸಿತು. ಆ ನಡುವಣ ಕಾಲದಲ್ಲಿ ಊಟವಿದ್ದ ಜಿಲ್ಲೆಗಳೂ ಇಲ್ಲದ ಜಿಲ್ಲೆಗಳೂ ಏಕಕಾಲದಲ್ಲಿದ್ದುದರಿಂದ ವ್ಯತಿರೇಕಪರೀಕ್ಷೆಗೆ ಕಿಂಚಿತ್ ಅವಕಾಶವಿದ್ದಿತು. 2013ರ ಕ್ಷೀರಭಾಗ್ಯವಾದರೋ ರಾಜ್ಯದಲ್ಲೆಲ್ಲ ಒಮ್ಮೆಗೇ ಬಂದಿತು. ಎಲ್ಲೆಡೆಯೂ ಇರುವ ಹೇತುವಿಗೆ ವಿಪಕ್ಷವೆಲ್ಲಿಯದು? ಹಾಲಿನಿಂದ ಮಕ್ಕಳಿಗೆ ಹಿತವಾಗಲಿಲ್ಲವೆಂದು ಇದರ ಅರ್ಥವಲ್ಲ. ಹಾಜರಿಯ ಏರಿಕೆಯಲ್ಲಿ ಅದರ ಪಾಲೆಷ್ಟೆಂದು ವಿಭಜಿಸಿ ಹೇಳಲಾಗದೆಂದಷ್ಟೇ ಅರ್ಥ.

ಉತ್ತರಕನ್ನಡದ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳಲ್ಲಿ ಈ ದೋಷವು ಇಮ್ಮಡಿಯಾಗುತ್ತದೆ. ಏಕೆಂದರೆ ಇಲ್ಲಿ ಉಪಾಧಿಗಳು ಹಲವು. ದಾಂಡೇಲಿಯು ಕಾಗದದ ಕಾರ್ಖಾನೆಯ ಪಟ್ಟಣ. ಜೋಯಿಡಾ ಚದರಿದ ಕಾಡುಹಳ್ಳಿಗಳ, ಘನವಾದ ಮಳೆಯ ಸೀಮೆ. ಇವೆರಡರ ಹಾಜರಿಯನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಿದರೆ, ತೂಗಲ್ಪಡುವುದು ಯೋಜನೆಯಲ್ಲ, ಹಳ್ಳದ ನೀರು. ಆಷಾಢದ ಸಂಖ್ಯೆಯನ್ನು ಮಾಘದ ಸಂಖ್ಯೆಯೊಡನೆ ಹೋಲಿಸಿದರೂ ಅದೇ ಭ್ರಾಂತಿ. ಇದಲ್ಲದೆ ಅಕ್ಕಿ, ಹಾಲಿನ ಪುಡಿಗಳ ಲೆಕ್ಕವೂ ಹಾಜರಿಯನ್ನೇ ಅವಲಂಬಿಸಿರುವಾಗ, ಹಾಜರಿ ಪುಸ್ತಕವನ್ನೇ ಏಕೈಕ ಸಾಕ್ಷಿಯಾಗಿ ಕರೆಯುವುದು ನ್ಯಾಯವಲ್ಲ.

ನಡತೆಯ ಪರೀಕ್ಷೆಯು ಇದಕ್ಕಿಂತಲೂ ಸೂಕ್ಷ್ಮವಾದುದು. ಈ ಸೀಮೆಯ ಸಿದ್ದಿ ಹಾಗೂ ಕುಣಬಿ ಮಕ್ಕಳಲ್ಲಿ ಬಹುಮಂದಿಯ ಮನೆಮಾತು ಕೊಂಕಣಿ. ಗೌಳಿ ಮಕ್ಕಳದು ಮರಾಠಿಯ ಒಂದು ಪ್ರಭೇದ. ಕನ್ನಡ ಶಾಲೆಯಲ್ಲಿ ಇಂಥ ಮಗುವು ಸುಮ್ಮನೆ ಕುಳಿತರೆ ‘ವಿನೀತ’ ಎಂದೋ ‘ಮಂದ’ ಎಂದೋ, ಎದ್ದುಹೋದರೆ ‘ಅಶಿಸ್ತಿನದು’ ಎಂದೋ ಬರೆಯುವುದು ಸುಲಭ. ವಾಸ್ತವದಲ್ಲಿ ಮೂರಕ್ಕೂ ಮೂಲವೊಂದೇ ಇರಬಹುದು: ಮಾತು ತಿಳಿಯದಿರುವುದು. ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣಹಕ್ಕಿನ ಕಾಯಿದೆಯು ನಿಷೇಧಿಸಿದೆ. ಆದುದರಿಂದ ಶಿಕ್ಷೆಗಳ ಎಣಿಕೆ ಇಳಿದ ಮಾತ್ರಕ್ಕೆ ನಡತೆ ಸುಧಾರಿಸಿತೆಂದು ಊಹಿಸಲಾಗದು.

ಸರಿಯಾದ ಪರೀಕ್ಷೆಯು ಅಸಾಧ್ಯವೇನಲ್ಲ. ಆಫ್ರಿಕಾಖಂಡದ ಕೆನ್ಯಾದಲ್ಲಿ 75 ಶಾಲೆಗಳನ್ನು ಮೂರು ಗುಂಪು ಮಾಡಿ, ಜಂತುಹುಳುವಿನ ಔಷಧವನ್ನು ಗುಂಪುಗುಂಪಾಗಿ ಬೇರೆಬೇರೆ ವರ್ಷಗಳಲ್ಲಿ ಕೊಟ್ಟರು. ಮುನ್ಸೂಚನೆಯಿಲ್ಲದೆ ಹೋಗಿ ತಲೆಯೆಣಿಸಿದರು. ಗೈರುಹಾಜರಿಯು ಸುಮಾರು ಕಾಲುಭಾಗ ತಗ್ಗಿತೆಂದು ಮಿಗೆಲ್ ಮತ್ತು ಕ್ರೆಮರ್ ಎಂಬ ಪಂಡಿತರು 2004ರಲ್ಲಿ ಪ್ರಕಟಿಸಿದರು. ಪರೀಕ್ಷೆಯ ಅಂಕಗಳು ಏರಿದುದಕ್ಕೆ ಮಾತ್ರ ಪ್ರಮಾಣ ದೊರೆಯಲಿಲ್ಲವೆಂಬುದನ್ನೂ ಮರೆಮಾಡಲಿಲ್ಲ. ಈ ಗಣಿತದ ಮೇಲೆ ಮುಂದೆ ಇತರ ಪಂಡಿತರು ಆಕ್ಷೇಪಗಳನ್ನೆತ್ತಿ ವಾದಿಸಿದುದೂ ಉಂಟು. ಹೀಗೆ ವಾದಕ್ಕೆ ಎಡೆಗೊಡುವುದೇ ಒಳ್ಳೆಯ ಪರೀಕ್ಷೆಯ ಲಕ್ಷಣವು.

ಈ ನಾಲ್ಕು ತಾಲ್ಲೂಕುಗಳಲ್ಲಿಯೂ ಹೊಸ ಯೋಜನೆಯನ್ನು ಸರದಿಯ ಮೇಲೆ ತಂದು, ಕಾಡುಹಳ್ಳಿಯನ್ನು ಕಾಡುಹಳ್ಳಿಯೊಡನೆಯೂ ಮಳೆಯ ತಿಂಗಳನ್ನು ಮಳೆಯ ತಿಂಗಳೊಡನೆಯೂ ಹೋಲಿಸುವುದು ಯುಕ್ತ. ಬಂದ ಮಗುವು ಪಾಠದಲ್ಲಿ ಬಾಯಿಬಿಟ್ಟಿತೇ ಎಂಬುದನ್ನೂ ನೋಡತಕ್ಕದ್ದು. ತಪ್ಪು ನಿರ್ಣಯದ ದಂಡವನ್ನು ತೆರುವವರು ವರದಿ ಬರೆದವರಲ್ಲ. ಮಳೆಗಾಲದ ಸಂಖ್ಯೆಯನ್ನು ನೋಡಿ ಒಂದು ಕಿರುಶಾಲೆಯನ್ನು ಮುಚ್ಚಿದರೆ, ಹಳ್ಳವಿಳಿದ ಮೇಲೆ ಬರಬೇಕಾಗಿದ್ದ ಮಕ್ಕಳಿಗೆ ಹೋಗಲು ಶಾಲೆಯೇ ಇರದು.