ಹೋದ ದಾರಿ, ಬಂದ ದಾರಿ

ಬಾದಾಮಿ ಬಸ್‌ಸ್ಟ್ಯಾಂಡಿನಲ್ಲಿ ಒಂದು ತಾಸು ಕುಂತರೆ ಎರಡು ಥರದ ಹುಡುಗರು ಕಣ್ಣಿಗೆ ಬೀಳ್ತಾರೆ. ಕೆಲವರು ಹೊರದೇಶದವರು. ಓದು ಮುಗಿಸಿ, ಒಂದು ವರ್ಷ ಅಲ್ಲಿಷ್ಟು ಇಲ್ಲಿಷ್ಟು ದುಡಿದುಕೊಂಡು ದೇಶ ನೋಡಲು ಹೊರಟವರು. ಮೇಣಬಸದಿಯ ಗುಹೆಗಳನ್ನು ನೋಡಿ, ಅಗಸ್ತ್ಯತೀರ್ಥದ ದಂಡೆಗೆ ಕುಂತು ಏನೋ ಬರಕೊಂಡು, ಹಂಪಿಯ ಕಡೆ ಹೋಗ್ತಾರೆ. ಇನ್ನು ಕೆಲವರು ನಮ್ಮ ಕೇರಿಯವರು. ಹಾಸಿಗೆ ಗಂಟು, ರೊಟ್ಟಿ ಬುತ್ತಿ ಕಟ್ಟಿಕೊಂಡು ಗೋವಾಕ್ಕೆ, ಗೌಂಡಿಯ ಕೈಕೆಳಗೆ ದುಡಿಯಲು ಹೊರಟವರು. ವಯಸ್ಸು ಹೆಚ್ಚೂಕಡಿಮೆ ಒಂದೇ. ವರ್ಷದ ಲೆಕ್ಕವೂ ಒಂದೇ. ಆದರೆ ಮೊದಲಿನದಕ್ಕೆ ಪ್ರವಾಸ ಅಂತೇವೆ, ಎರಡನೆಯದಕ್ಕೆ ಗುಳೆ ಅಂತೇವೆ. ಪ್ರವಾಸ ಸಾಹಿತ್ಯದ ಪಠ್ಯಕ್ಕೆ ಬರುತ್ತದೆ, ಗುಳೆ ಸಮಾಜಶಾಸ್ತ್ರದ ವರದಿಗೆ ಹೋಗುತ್ತದೆ. ಈ ಪಾಲು ಹಂಚಿದವರು ಯಾರು?

ಕನ್ನಡದ ಪ್ರವಾಸ ಕಥನಕ್ಕೆ ದೊಡ್ಡ ಪರಂಪರೆ ಇದೆ. 1936ರಲ್ಲಿ ಆಕ್ಸ್‌ಫರ್ಡಿಗೆ ಹೋದ ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’, ಬಿ.ಜಿ.ಎಲ್. ಸ್ವಾಮಿಯವರ ‘ಅಮೆರಿಕದಲ್ಲಿ ನಾನು’. ‘ಅಮೆರಿಕಾದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಈ ಪರಂಪರೆಯನ್ನು ಬೈಯಲು ನಾನಿಲ್ಲಿ ಕುಂತಿಲ್ಲ. ಇದನ್ನು ಓದಿಯೇ ನಾನೂ ಸಮುದ್ರದ ಆಚೆಯನ್ನು ಕಂಡವನು. ಆದರೆ ನನಗೆ ಕಂಡಂತೆ, ಈ ಪ್ರಕಾರದ ಮುಖ್ಯ ಪ್ರಶ್ನೆ ‘ಆ ದೇಶ ಹೇಗಿದೆ?’ ಎಂಬುದು. ಬಿಟ್ಟು ಬಂದ ಮನೆ ಇದ್ದಲ್ಲೇ ಇರುತ್ತದೆ. ವಾಪಸು ಬಂದವನಿಗೆ ಅದರ ಬಾಗಿಲು ತೆರೆದೇ ಇರುತ್ತದೆ. ಹೀಗಾಗಿ ವಾಪಸು ಬರುವುದು ಕಥನಕ್ಕೆ ಒಂದು ಸಮಸ್ಯೆಯೇ ಆಗುವುದಿಲ್ಲ.

ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಎಂಬ ಭಯ ಸವರ್ಣರದು. 1888ರಲ್ಲಿ ಗಾಂಧಿ ಇಂಗ್ಲೆಂಡಿಗೆ ಹೊರಟಾಗ ಅವರ ಜಾತಿಯವರೇ ಅವರನ್ನು ಹೊರಗೆ ಹಾಕಿದರು. 1913ರಲ್ಲಿ, 22ರ ವಯಸ್ಸಿನಲ್ಲಿ, ಬರೋಡಾದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದ ಮೇಲೆ ನ್ಯೂಯಾರ್ಕಿಗೆ ಹೊರಟ ಅಂಬೇಡ್ಕರ್‌ಗೆ ಕೆಡಲು ಏನಿತ್ತು? ಒಬ್ಬರಿಗೆ ಶಿಕ್ಷೆಯಾದ ಸಮುದ್ರ ಇನ್ನೊಬ್ಬರಿಗೆ ಬಿಡುಗಡೆಯಾಯಿತು.

ಈ ಬಿಡುಗಡೆಯನ್ನು ಅವರು ಹೇಗೆ ಬರೆದರು? 1930ರ ದಶಕದ ನಡುವೆ ಬರೆದು, 1990ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ ಪ್ರಕಟಿಸಿದ ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಪುಟ್ಟ ಪುಸ್ತಿಕೆಯಲ್ಲಿ ಉತ್ತರ ಇದೆ. ಹೆಸರು ನೋಡಿದರೆ ಪರದೇಶದ ಕಥೆ ಅನ್ನಿಸಬೇಕು. ಆದರೆ ಮೊದಲ ಪ್ರಯಾಣ 1901ರದು. ಸಾತಾರಾದಿಂದ ಅಪ್ಪ ಇದ್ದ ಗೋರೆಗಾಂವಕ್ಕೆ. ಹೊಸ ಬಟ್ಟೆ ತೊಟ್ಟ ಮಕ್ಕಳು ಮಸೂರ ಸ್ಟೇಷನ್ನಿನಲ್ಲಿ ಇಳಿದು ತಾವು ಮಹಾರರು ಅಂತ ಹೇಳಿದ ಕೂಡಲೇ ಯಾವ ಗಾಡಿಯವನೂ ಒಪ್ಪಲಿಲ್ಲ. ಕಡೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ತಾವೇ ಹೊಡೆದರು. ಬುತ್ತಿ ಇತ್ತು, ಹಸಿವೂ ಇತ್ತು. ಕುಡಿಯಲು ನೀರು ಸಿಗದ್ದಕ್ಕೆ ಉಪವಾಸ ಮಲಗಿದರು.

ಎರಡನೆಯ ಭಾಗದ ಅಳತೆಯನ್ನು ವಿಮರ್ಶಕರು ಗಮನಿಸಬೇಕು. ನ್ಯೂಯಾರ್ಕು, ಲಂಡನ್ನುಗಳಲ್ಲಿ ಕಳೆದ ವರ್ಷಗಳು ನಾಲ್ಕಾರು ವಾಕ್ಯಗಳಲ್ಲಿ ಮುಗಿಯುತ್ತವೆ. ತಾನು ಅಸ್ಪೃಶ್ಯ ಎಂಬ ಅರಿವೇ ಅಲ್ಲಿ ಅಳಿಸಿಹೋಗಿತ್ತು ಎನ್ನುತ್ತಾರೆ, ಅಷ್ಟೆ. ಮುಂದಿನ ಪುಟಗಳೆಲ್ಲ ಬರೋಡಾದ ಪಾರ್ಸಿ ವಸತಿಗೃಹದ್ದು. ಪಾರ್ಸಿ ಹೆಸರು ಇಟ್ಟುಕೊಂಡು ಸೇರಿದ್ದು, ಹನ್ನೊಂದನೆಯ ದಿನ ಬಡಿಗೆ ಹಿಡಿದವರು ಬಂದು ನಿಂತದ್ದು, ಒಬ್ಬ ಹಿಂದೂ ಮಿತ್ರ ಒಬ್ಬ ಕ್ರೈಸ್ತ ಮಿತ್ರ ಇಬ್ಬರೂ ಮನೆಗೆ ಕರೆಯದೆ ಹೋದದ್ದು, ಉದ್ಯಾನದಲ್ಲಿ ಹೊತ್ತು ಕಳೆದು ರಾತ್ರಿ ಮುಂಬಯಿ ರೈಲು ಹತ್ತಿದ್ದು. ವರ್ಷಗಳಿಗೆ ನಾಲ್ಕಾರು ವಾಕ್ಯ, ಹನ್ನೊಂದು ದಿನಕ್ಕೆ ಒಂದು ಅಧ್ಯಾಯ! ನಮ್ಮ ಪ್ರವಾಸ ಕಥನ ಎಲ್ಲಿ ಮುಗಿಯುತ್ತದೋ ಅಲ್ಲಿಂದಲೇ ಇದು ಸುರುವಾಗುತ್ತದೆ. ಹಡಗು ಹತ್ತಲು ಸಿಕ್ಕ ಪರವಾನಗಿ ಸ್ವಂತ ನಾಡಿನಲ್ಲಿ ಇಳಿಯಲು ಸಿಗಲಿಲ್ಲ.

ಇದು ಅಂಬೇಡ್ಕರ್ ಒಬ್ಬರ ಶೈಲಿ ಅಂತ ನಾನೂ ಅಂದುಕೊಂಡಿದ್ದೆ. ಆದರೆ ನಮ್ಮ ಕಾಕಾ ಗೋವಾದಲ್ಲಿ ಒಂದು ವರ್ಷ ದುಡಿದು ಬಂದದ್ದನ್ನು ಹೇಳುವಾಗಲೂ ಇದೇ ಅಳತೆ. “ಅಲ್ಲಿ ನಮಗೆಲ್ಲಾ ಒಂದ ಹೆಸರು, ಘಾಟಿ. ಗೌಡರ ಮಗಾನೂ ಘಾಟಿ, ನಾನೂ ಘಾಟಿ. ಒಂದ ಕೊಡದಾಗ ನೀರ ಕುಡದ್ವಿ.” ಗೋವಾದ ವರ್ಷ ಇಷ್ಟಕ್ಕೇ ಮುಗೀತು. ಆಮೇಲೆ ರಾತ್ರಿಯೆಲ್ಲಾ ಹೇಳಿದ್ದು ವಾಪಸು ಬಂದದ್ದನ್ನ. “ಬಾದಾಮಿ ಸ್ಟ್ಯಾಂಡಿನ ತನಕಾ ಜೋಡೀಲೆ ಬಂದ್ವಿ. ಊರ ಹಾದಿ ಹತ್ತಿದ್ವಿ ನೋಡು, ಅಂವಾ ಹತ್ತ ಹೆಜ್ಜಿ ಮುಂದ ಆದಾ. ನಾನೂ ಹಿಂದ ಉಳದೆ. ಯಾರೂ ಏನೂ ಅನ್ಲಿಲ್ಲ.” 1961ರ ಡಿಸೆಂಬರ್ 19ರವರೆಗೆ ಗೋವಾ ಪೋರ್ಚುಗೀಸರದು, ನಮಗೆ ಪರದೇಶ. ಆ ಗಡಿ ಹೋಯಿತು. ಊರಿಗೂ ಕೇರಿಗೂ ನಡುವಿನ ಹತ್ತು ಹೆಜ್ಜೆಯ ಗಡಿ ಉಳಿಯಿತು.

ಹಂಗಂತ ಹೊರನಾಡನ್ನು ಜಾತಿಯಿಲ್ಲದ ಸ್ವರ್ಗ ಮಾಡಿ ಕೂಡ್ರಿಸಬಾರದು. ಘಾಟಿ ಅನ್ನುವುದೂ ಬೈಗುಳವೇ. 2023ರ ಫೆಬ್ರುವರಿಯಲ್ಲಿ ಅಮೆರಿಕದ ಸಿಯಾಟಲ್ ನಗರಸಭೆ ಜಾತಿ ತಾರತಮ್ಯವನ್ನು ಕಾನೂನಿನಿಂದ ನಿಷೇಧಿಸಬೇಕಾಯಿತು. ಜಾತಿ ಕೆಡುತ್ತದೆ ಅಂತ ಅಂಜುತ್ತಿದ್ದವರು ಅದನ್ನು ಕೆಡದಂತೆ ಕಟ್ಟಿಕೊಂಡು ಒಯ್ದಿದ್ದಾರೆ. ಇವತ್ತು ಹೊರಡುವ ನಮ್ಮ ಹುಡುಗ ಹುಡುಗಿಯರಿಗೆ 1913ರ ನ್ಯೂಯಾರ್ಕು ಸಿಕ್ಕೇ ಸಿಗುತ್ತದೆ ಅಂತ ಹೇಳುವ ಧೈರ್ಯ ನನಗಿಲ್ಲ.

ಕಡೆಯದಾಗಿ ನಮ್ಮದೇ ಒಂದು ತಪ್ಪು. ‘ಊರುಕೇರಿ’, ‘ಗೌರ್ಮೆಂಟ್ ಬ್ರಾಹ್ಮಣ’ಗಳನ್ನು ಓದುವಾಗ ನಾವು ನೋವನ್ನು ಎಣಿಸುತ್ತ ಕುಂತೆವು, ಸಿದ್ಧಲಿಂಗಯ್ಯನವರ ನಗೆಯನ್ನು ತಡವಾಗಿ ಕೇಳಿಸಿಕೊಂಡೆವು. ಕಾಕಾನಿಗೂ ನಾನು ಕೇಳಿದ್ದು ‘ಎಷ್ಟು ಕಷ್ಟ ಆತು?’ ಅಂತ. ‘ಏನೇನು ನೋಡಿದಿ?’ ಅಂತ ಕೇಳಿದ್ದು ಬಹಳ ವರ್ಷಗಳ ಮೇಲೆ. ಆಗ ಅಂದ: “ಸಮುದ್ರ ನೋಡಿದೆ. ಇಷ್ಟೊಂದ ನೀರು, ಇದು ಯಾರದು ಅಂತ ಕೇಳಿದೆ. ಎಲ್ಲಾರೂ ನಕ್ರು.”

ಗೋಕಾಕರಿಗೆ ಅದೇ ಅರಬ್ಬೀ ಸಮುದ್ರ ‘ಸಮುದ್ರ ಗೀತೆಗಳು’ ಸಂಕಲನ ಕೊಟ್ಟಿತು. ಕಾಕಾನಿಗೆ ಅದು ಕೊಟ್ಟದ್ದು ಒಂದು ಪ್ರಶ್ನೆ. ಬಾವಿಯ ದೂರದಲ್ಲಿ ಕೊಡ ಹಿಡಿದು ನಿಂತವನಿಗೆ ಮಾತ್ರ ಹೊಳೆಯುವ ಪ್ರಶ್ನೆ. 1927ರಲ್ಲಿ ಮಹಾಡದ ಚವದಾರ ಕೆರೆಯ ದಂಡೆಯಲ್ಲಿ ಎದ್ದ ಪ್ರಶ್ನೆ. ಇದನ್ನು ವಿಸ್ಮಯ ಅನ್ನಬೇಕೋ, ಪ್ರತಿಭಟನೆ ಅನ್ನಬೇಕೋ? ನಮ್ಮ ಕಾವ್ಯಮೀಮಾಂಸೆಯಲ್ಲಿ ಇದಕ್ಕೆ ಹೆಸರಿಲ್ಲ. ಹೆಸರು ಹುಡುಕುವ ಕೆಲಸ ದಲಿತ ವಿಮರ್ಶೆಯದು. ಅದಕ್ಕೂ ಮೊದಲು ನಮ್ಮ ವಿದ್ಯಾರ್ಥಿಗಳು ಬಸ್‌ಸ್ಟ್ಯಾಂಡಿಗೆ ಹೋಗಿ, ದುಡಿದು ವಾಪಸು ಬಂದು ಇಳಿಯುವವರ ಪಕ್ಕದಲ್ಲಿ ಕುಂತು, ಅವರು ಕಂಡದ್ದನ್ನು ಬರೆದುಕೊಳ್ಳಲಿ. ಊರ ಹಾದಿ ಹತ್ತುವ ಮೊದಲೇ ಕೇಳಲಿ. ಹತ್ತಿದ ಮೇಲೆ ಮಾತು ಬೇರೆ ಆಗುತ್ತದೆ.